ಬಯಲುಸೀಮೆಯ ಹವ್ಯಾಸಿಗೆ ಎಷ್ಟು ಝೀನರ್ ಬೇಕು? ಚಳ್ಳಕೆರೆ–ಮೊಳಕಾಲ್ಮುರು ಭಾಗಕ್ಕೊಂದು ಆಯ್ಕೆಪಟ್ಟಿ

ಸಾರಾಂಶ

ಮನೆಯಲ್ಲೋ ಶಾಲೆಯಲ್ಲೋ ಸಣ್ಣಪುಟ್ಟ ಎಲೆಕ್ಟ್ರಾನಿಕ್ ಸಲಕರಣೆ ಕಟ್ಟುವವರು ಯಾವ ಯಾವ ವೋಲ್ಟಿನ ಝೀನರ್ ಡಯೋಡುಗಳನ್ನು ತಂದಿಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ಸಾಮಾನ್ಯ ಉತ್ತರ, ‘ಎಲ್ಲದರಲ್ಲೂ ಹತ್ತತ್ತು’. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ನಿಜವಾಗಿ ಬಳಕೆಯಲ್ಲಿರುವ ವಿದ್ಯುತ್ ಮೂಲಗಳನ್ನೂ ಅಲ್ಲಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿದರೆ ಉತ್ತರ ಬೇರೆಯಾಗುತ್ತದೆ. 3.3, 5.6, 6.8, 12 ಮತ್ತು 15 ವೋಲ್ಟಿನ ಐದು ಬಗೆ, ಜೊತೆಗೆ ಟಿಎಲ್431 ಎಂಬ ಒಂದು ಐಸಿ ಇದ್ದರೆ ಸಾಕು ಎಂಬುದು ಈ ಟಿಪ್ಪಣಿಯ ವಾದ. ಬಿಸಿ ಪರಿಸರದಲ್ಲಿ ಹೆಚ್ಚು ವೋಲ್ಟಿನ ಒಂದು ಝೀನರಿಗಿಂತ ಕಡಿಮೆ ವೋಲ್ಟಿನ ಎರಡನ್ನು ಸಾಲಾಗಿ ಜೋಡಿಸುವುದು ಮೇಲು ಎಂಬುದು ಅದರ ತಿರುಳು. ಆಧಾರವೆಲ್ಲ ತಯಾರಕರ ಡೇಟಾಶೀಟುಗಳಲ್ಲಿನ ಅಂಕಿಗಳು ಮತ್ತು ಅವುಗಳ ಮೇಲೆ ಮಾಡಿದ ಸರಳ ಲೆಕ್ಕ.

1. ಪ್ರಶ್ನೆಯ ಹಿನ್ನೆಲೆ

ಒಂದು ವ್ಯಾಟಿನ ಝೀನರ್ ಸರಣಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1ಎನ್4728ಎ ಇಂದ 1ಎನ್4764ಎ ವರೆಗಿನದು. ಅದರಲ್ಲಿ 3.3 ವೋಲ್ಟಿನಿಂದ 100 ವೋಲ್ಟಿನವರೆಗೆ 37 ಬಗೆಗಳಿವೆ. ಅರ್ಧ ವ್ಯಾಟಿನ ಬಿಝಡ್‌ಎಕ್ಸ್55, ಬಿಝಡ್‌ಎಕ್ಸ್79 ಮತ್ತು 1ಎನ್5221ಬಿ ಮೊದಲಾದ ಸರಣಿಗಳಲ್ಲೂ ಹೆಚ್ಚುಕಡಿಮೆ ಅಷ್ಟೇ, ಇಲ್ಲವೇ ಇನ್ನೂ ಹೆಚ್ಚು. ಬಿಡಿ ಡಯೋಡಿಗೆ ಕೆಲವೇ ರೂಪಾಯಿ. ಆದರೆ ಚಳ್ಳಕೆರೆಯವರು ಬಿಡಿಭಾಗಕ್ಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಸುಮಾರು 200 ಕಿಲೋಮೀಟರ್ ಹಾದಿ, ಮೊಳಕಾಲ್ಮುರಿನವರಿಗೆ ಇನ್ನೂ ಹೆಚ್ಚು. ಕೊರಿಯರ್ ತರಿಸಿದರೆ ಸಾಗಣೆ ವೆಚ್ಚ ಡಯೋಡಿನ ಬೆಲೆಯನ್ನು ಮೀರುತ್ತದೆ. ಹೀಗಾಗಿ ಒಮ್ಮೆ ತರುವಾಗ ಸರಿಯಾದದ್ದನ್ನು ತರುವುದು ಮುಖ್ಯ. ತಂದದ್ದರಲ್ಲಿ ಮುಕ್ಕಾಲು ಪಾಲು ಡಬ್ಬಿಯಲ್ಲೇ ಉಳಿಯದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಈ ಭಾಗಕ್ಕೆ ಎಲೆಕ್ಟ್ರಾನಿಕ್ಸ್ ದೂರದ ವಿಷಯವಲ್ಲ. ನಾಯಕನಹಟ್ಟಿ ಹೋಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಾಧಾರಿತ ತರಬೇತಿ ಕೊಡುತ್ತದೆ. ವರವು ಕಾವಲಿನ ಡಿಆರ್‌ಡಿಒ ಏರೋನಾಟಿಕಲ್ ಟೆಸ್ಟ್ ರೇಂಜ್ 2017ರ ಮೇ 28ರಂದು ಉದ್ಘಾಟನೆಯಾಯಿತು; ಇಸ್ರೊ ತನ್ನ ಮರುಬಳಕೆ ಉಡ್ಡಯನ ವಾಹನವನ್ನು 2023ರ ಏಪ್ರಿಲ್ 2ರಂದು ತಾನಾಗಿ ನೆಲಕ್ಕಿಳಿಸಿದ್ದು ಅದೇ ಓಡುಹಾದಿಯ ಮೇಲೆ. ಝೀನರ್ ಡಯೋಡಿನ ಗುಣರೇಖೆ ಎಳೆಯುವುದು ಬಹುಕಾಲ ಪಿಯು ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಡೆದುಬಂದ ಪಾಠ. ಆ ಪಾಠ ಡಯೋಡು ಏನು ಮಾಡುತ್ತದೆಂದು ತೋರಿಸುತ್ತದೆ. ಯಾವುದನ್ನು ಕೊಳ್ಳಬೇಕೆಂದು ಹೇಳುವುದಿಲ್ಲ. ಈ ಟಿಪ್ಪಣಿ ಕೊಳ್ಳುವ ಮಾತಿಗೆ ಸೀಮಿತ.

2. ಈ ಸೀಮೆಯ ವಿದ್ಯುತ್ ಮೂಲಗಳು

ಯಾವ ಝೀನರ್ ಬೇಕೆಂಬುದನ್ನು ತೀರ್ಮಾನಿಸುವುದು ಡಯೋಡಿನ ಕ್ಯಾಟಲಾಗು ಅಲ್ಲ, ಅದು ಕೂರುವ ತಂತಿಯ ವೋಲ್ಟೇಜು. ಎಣ್ಣೆ ಗಿರಣಿಗಳ ಚಳ್ಳಕೆರೆಯಲ್ಲಾಗಲಿ ರೇಷ್ಮೆ ಸೀರೆಯ ಮೊಳಕಾಲ್ಮುರಿನಲ್ಲಾಗಲಿ ಹವ್ಯಾಸಿಯ ಕೈಗೆ ಸಿಗುವ ಮೂಲಗಳು ನಾಲ್ಕು.

ಮೊದಲನೆಯದು 12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ. ಟ್ರ್ಯಾಕ್ಟರ್, ಯುಪಿಎಸ್, ಮಗ್ಗದ ಮೇಲಿನ ದೀಪಕ್ಕೆ ಕಟ್ಟಿದ ಸೋಲಾರ್ ಸೆಟ್, ಜಾತ್ರೆಯ ಸೀರಿಯಲ್ ಲೈಟು, ಎಲ್ಲೆಲ್ಲೂ ಇದೇ. ಹೆಸರಿಗೆ 12, ಪೂರ್ತಿ ಇಳಿದಾಗ 10.8, ಚಾರ್ಜಿನಲ್ಲಿರುವಾಗ 14.4. ಎರಡನೆಯದು ‘12 ವೋಲ್ಟಿನ’ ಸೋಲಾರ್ ಪ್ಯಾನೆಲ್. 36 ಕೋಶಗಳ ಈ ಪ್ಯಾನೆಲ್, ಬ್ಯಾಟರಿ ಕಳಚಿಕೊಂಡ ಗಳಿಗೆಯಲ್ಲಿ 21–22 ವೋಲ್ಟಿಗೆ ಏರುತ್ತದೆ. ಮೂರನೆಯದು ಯುಎಸ್‌ಬಿ ಚಾರ್ಜರಿನ 5 ವೋಲ್ಟು ಮತ್ತು ಅದರಿಂದ ಹುಟ್ಟುವ 3.3 ವೋಲ್ಟು, ಆರ್ಡುಯಿನೊ, ಇಎಸ್‌ಪಿ32 ಬೋರ್ಡುಗಳ ಲೋಕವಿದು. ನಾಲ್ಕನೆಯದು ನೇರ ಬೆಸ್ಕಾಂ ಕರೆಂಟು. ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಡಬ್ಬಿಯಲ್ಲಿ ಕೂರುವ ಚಿಕ್ಕ ಕಂಟ್ರೋಲ್ ಬೋರ್ಡುಗಳಲ್ಲಿ ಹಲವು ಟ್ರಾನ್ಸ್‌ಫಾರ್ಮರ್ ಇಲ್ಲದೆ, ಒಂದು ಕೆಪಾಸಿಟರ್ ಮತ್ತು ಒಂದು ಝೀನರಿನ ಮೇಲೆ ನಡೆಯುತ್ತವೆ.

ಇವುಗಳ ಜೊತೆಗೆ ಹವಾಮಾನವನ್ನೂ ಸೇರಿಸಿಕೊಳ್ಳಬೇಕು. ಈ ಎರಡು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಭಾಗಕ್ಕೆ ಸೇರಿದವು. ಏಪ್ರಿಲ್–ಮೇ ತಿಂಗಳ ಹಗಲಿನಲ್ಲಿ ಉಷ್ಣಾಂಶ 40 ಡಿಗ್ರಿಯ ಸಮೀಪ. ಹೊಲದ ಬದಿಯಲ್ಲಿ ಬಿಸಿಲಿಗೆ ನಿಂತ ತಗಡಿನ ಡಬ್ಬಿಯೊಳಗೆ 60 ಡಿಗ್ರಿ ಎಂದು ಹಿಡಿದು ಲೆಕ್ಕ ಹಾಕುವುದು ಅತಿಯೆನಿಸದು. ಡೇಟಾಶೀಟಿನ ಅಂಕಿಗಳಲ್ಲಿ ಬಹುಪಾಲು 25 ಡಿಗ್ರಿಯಲ್ಲಿ ಅಳೆದವು. ಚಳಿಗಾಲದ ನಸುಕಿಗೂ ಬೇಸಿಗೆಯ ನಡುಹಗಲಿಗೂ ಡಬ್ಬಿಯೊಳಗೆ 40 ಡಿಗ್ರಿ ವ್ಯತ್ಯಾಸವಿದೆ ಎಂದು ಈ ಟಿಪ್ಪಣಿಯುದ್ದಕ್ಕೂ ಹಿಡಿದಿದೆ.

3. ಡಯೋಡಿನ ನಡತೆ: ಕೊಳ್ಳುವವರು ನೋಡಬೇಕಾದ ಮೂರು ಅಂಕಿಗಳು

ಝೀನರ್ ಕೆಲಸ ಮಾಡುವ ಬಗೆ ಕೆರೆಯ ಕೋಡಿಯಂಥದು: ಗೊತ್ತಾದ ಮಟ್ಟದವರೆಗೆ ತಡೆ, ಮೀರಿದ್ದೆಲ್ಲ ಹೊರಕ್ಕೆ. ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಝೀನರ್ (1905–1993) ಬಲವಾದ ವಿದ್ಯುತ್ ಕ್ಷೇತ್ರದಲ್ಲಿ ಅವಾಹಕಗಳ ತಡೆ ಹೇಗೆ ಮುರಿಯುತ್ತದೆಂಬ ಸಿದ್ಧಾಂತವನ್ನು 1934ರಲ್ಲಿ ಮಂಡಿಸಿದರು. ಮುಂದೆ ಬೆಲ್ ಪ್ರಯೋಗಾಲಯದಲ್ಲಿ ವಿಲಿಯಂ ಶಾಕ್ಲಿ ಈ ಡಯೋಡಿಗೆ ಅವರ ಹೆಸರಿಟ್ಟರು. ವಾಸ್ತವದಲ್ಲಿ ಝೀನರ್ ವಿವರಿಸಿದ ಪರಿಣಾಮ ಮೇಲುಗೈ ಪಡೆಯುವುದು ಸುಮಾರು 5 ವೋಲ್ಟಿನ ಕೆಳಗೆ. ಅದಕ್ಕಿಂತ ಮೇಲಿನ ಡಯೋಡುಗಳಲ್ಲಿ ನಡೆಯುವುದು ಅವಲಾಂಚ್ ಎಂಬ ಬೇರೆಯೇ ಕ್ರಿಯೆ. ಹೆಸರು ಒಂದೇ ಆದರೂ ಕೆಳವೋಲ್ಟಿನವು ಮತ್ತು ಮೇಲ್ವೋಲ್ಟಿನವು ಎರಡು ಜಾತಿ. ಕೊಳ್ಳುವವರಿಗೆ ಮುಖ್ಯವಾದ ಮೂರು ವ್ಯತ್ಯಾಸಗಳು ಇಲ್ಲಿಂದಲೇ ಹುಟ್ಟುತ್ತವೆ.

ಒಂದು, ಪರೀಕ್ಷಾ ಕರೆಂಟು. ಡಯೋಡಿನ ಮೇಲೆ ಬರೆದ ವೋಲ್ಟೇಜು ಒಂದು ನಿರ್ದಿಷ್ಟ ಕರೆಂಟಿಗೆ ಮಾತ್ರ ನಿಜ. ಬಿಝಡ್‌ಎಕ್ಸ್79 ಸರಣಿಯ 3.3 ವೋಲ್ಟಿನದನ್ನು 5 ಮಿಲಿಆಂಪಿಯರ್‌ನಲ್ಲಿ ಅಳೆದಿರುತ್ತಾರೆ. ಒಂದು ವ್ಯಾಟಿನ 1ಎನ್4728ಎ ಕೂಡ 3.3 ವೋಲ್ಟೇ, ಆದರೆ ಅದರ ಪರೀಕ್ಷಾ ಕರೆಂಟು 76 ಮಿಲಿಆಂಪಿಯರ್. ಅದನ್ನು 5 ಮಿಲಿಆಂಪಿಯರ್‌ನಲ್ಲಿ ಬಳಸಿದರೆ ವೋಲ್ಟೇಜು 3.3ಕ್ಕಿಂತ ಎದ್ದು ಕಾಣುವಷ್ಟು ಕಡಿಮೆ ಬರುತ್ತದೆ, ಏಕೆಂದರೆ ಕೆಳವೋಲ್ಟಿನ ಝೀನರಿನ ಗುಣರೇಖೆ ಥಟ್ಟನೆ ಮಡಿಯುವುದಿಲ್ಲ, ನಿಧಾನವಾಗಿ ಬಾಗುತ್ತದೆ. ‘ವ್ಯಾಟ್ ಹೆಚ್ಚಿದ್ದರೆ ಒಳ್ಳೆಯದೇ’ ಎಂಬ ಎಣಿಕೆ ಇಲ್ಲಿ ಕೈಕೊಡುತ್ತದೆ. 12 ವೋಲ್ಟಿನ 1ಎನ್4742ಎ ವಿಷಯದಲ್ಲಿ ಈ ತೊಂದರೆ ಬಹಳ ಕಡಿಮೆ. ಅಲ್ಲಿ ಬಾಗು ಚೂಪಾಗಿದೆ.

ಎರಡು, ಸೋರುವ ಕರೆಂಟು. ತಡೆ ಮುರಿಯುವ ಮಟ್ಟ ತಲುಪುವ ಮೊದಲೇ ಡಯೋಡು ಸ್ವಲ್ಪ ಸೋರುತ್ತದೆ. 1ಎನ್4728ಎ ಕೇವಲ 1 ವೋಲ್ಟಿನಲ್ಲೇ 100 ಮೈಕ್ರೊಆಂಪಿಯರ್‌ವರೆಗೆ ಸೋರಬಹುದೆಂದು ಡೇಟಾಶೀಟು ಒಪ್ಪಿಕೊಳ್ಳುತ್ತದೆ. ಬಿಝಡ್‌ಎಕ್ಸ್79ರ 3.3 ವೋಲ್ಟಿನದಕ್ಕೆ ಆ ಮಿತಿ 5 ಮೈಕ್ರೊಆಂಪಿಯರ್. 12 ವೋಲ್ಟಿನ 1ಎನ್4742ಎಗೆ 9.1 ವೋಲ್ಟಿನಲ್ಲೂ 5 ಮೈಕ್ರೊಆಂಪಿಯರ್ ಅಷ್ಟೆ.

ಮೂರು, ಉಷ್ಣಾಂಶದೊಡನೆ ಸರಿಯುವ ಪ್ರಮಾಣ. ಬಯಲುಸೀಮೆಗೆ ಇದೇ ಎಲ್ಲಕ್ಕಿಂತ ಮುಖ್ಯ. ಬಿಝಡ್‌ಎಕ್ಸ್79 ಸರಣಿಯ ಸಾಮಾನ್ಯ ಅಂಕಿಗಳನ್ನು ಡಿಗ್ರಿಗೊಂದರಂತೆ ಮಿಲಿವೋಲ್ಟಿನಲ್ಲಿ ಹೇಳುವುದಾದರೆ: 3.3 ವೋಲ್ಟಿನದು 2.4ರಷ್ಟು ಇಳಿಯುತ್ತದೆ, 5.1ರದು 0.8ರಷ್ಟು ಇಳಿಯುತ್ತದೆ, 5.6ರದು 1.2ರಷ್ಟು ಏರುತ್ತದೆ, 6.8ರದು 3ರಷ್ಟು, 11ರದು 7.4ರಷ್ಟು, 12ರದು 8.4ರಷ್ಟು ಏರುತ್ತದೆ. ಎರಡು ಬಗೆಯ ಕ್ರಿಯೆಗಳ ಗುಣ ವಿರುದ್ಧವಾದ್ದರಿಂದ 5ರಿಂದ 6 ವೋಲ್ಟಿನ ನಡುವೆ ಅವು ಒಂದನ್ನೊಂದು ಬಹುಪಾಲು ಅಳಿಸಿಹಾಕುತ್ತವೆ. ಬಿಸಿಲಿಗೆ ಹೆಚ್ಚು ಜಗ್ಗದ ಝೀನರ್ ಬೇಕೆಂದರೆ ಹುಡುಕಬೇಕಾದ ಜಾಗ ಇದೇ.

4. ನಾಲ್ಕು ಕೆಲಸಗಳು, ನಾಲ್ಕು ಲೆಕ್ಕಗಳು

4.1 ಬ್ಯಾಟರಿಯಿಂದ 5 ವೋಲ್ಟು

ಪಠ್ಯಪುಸ್ತಕದ ಮಾದರಿ ಒಂದು ರೆಸಿಸ್ಟರು, ಒಂದು 5.1 ವೋಲ್ಟಿನ ಝೀನರು. 10.8ರಿಂದ 14.4 ವೋಲ್ಟಿನವರೆಗೆ ಏರಿಳಿಯುವ ಬ್ಯಾಟರಿಯಿಂದ 100 ಮಿಲಿಆಂಪಿಯರ್ ಬೇಕು, ಝೀನರಿಗೆ ಕನಿಷ್ಠ 5 ಮಿಲಿಆಂಪಿಯರ್ ಉಳಿಯಬೇಕು ಎಂದಿಟ್ಟುಕೊಳ್ಳೋಣ. ರೆಸಿಸ್ಟರು ಸುಮಾರು 54 ಓಮ್ ಆಗುತ್ತದೆ. ಬ್ಯಾಟರಿ 14.4ರಲ್ಲಿರುವಾಗ ಬೋರ್ಡನ್ನು ಕಳಚಿದರೆ 172 ಮಿಲಿಆಂಪಿಯರ್ ಪೂರ್ತಿ ಝೀನರಿನ ಮೇಲೆ ಬೀಳುತ್ತದೆ: ಡಯೋಡಿನಲ್ಲಿ 0.88 ವ್ಯಾಟ್, ರೆಸಿಸ್ಟರಿನಲ್ಲಿ 1.6 ವ್ಯಾಟ್, ಒಟ್ಟು ಎರಡೂವರೆ ವ್ಯಾಟ್ ಬರಿಯ ಬಿಸಿ. ಸೋಲಾರ್ ಬ್ಯಾಟರಿಯ ಮೇಲೆ ನಿಂತ ಮನೆಯಲ್ಲಿ ಇದು ಒಪ್ಪುವ ಮಾತಲ್ಲ.

ಇದರ ಬದಲು 5.6 ವೋಲ್ಟಿನ ಝೀನರನ್ನು ಬಿಡಿ139ರಂಥ ಟ್ರಾನ್ಸಿಸ್ಟರಿನ ಬೇಸಿಗೆ ಕೊಟ್ಟರೆ, ಎಮಿಟರಿನಲ್ಲಿ 0.65 ಕಳೆದು 4.95 ವೋಲ್ಟು ಸಿಗುತ್ತದೆ. ಆಗ ಝೀನರಿಗೆ 5, ಬೇಸಿಗೆ 1 ಮಿಲಿಆಂಪಿಯರ್ ಸಾಕಾದ್ದರಿಂದ ರೆಸಿಸ್ಟರು 820 ಓಮ್. ಬ್ಯಾಟರಿ 14.4ರಲ್ಲಿದ್ದಾಗಲೂ ಝೀನರಿನಲ್ಲಿ ಉರಿಯುವುದು 60 ಮಿಲಿವ್ಯಾಟ್ ಮಾತ್ರ. ಪೂರ್ತಿ ಹೊರೆ ಇರುವಾಗ ಟ್ರಾನ್ಸಿಸ್ಟರಿನಲ್ಲಿ ಸುಮಾರು ಒಂದು ವ್ಯಾಟ್ ಬಿಸಿಯಾಗುತ್ತದೆ, ಅದಕ್ಕೆ ಚಿಕ್ಕ ಹೀಟ್‌ಸಿಂಕ್ ಬೇಕು. ಆದರೆ ಹೊರೆ ಇಲ್ಲದಾಗ ವ್ಯರ್ಥವಾಗುವುದು ಬಹಳ ಕಡಿಮೆ. 7805 ಐಸಿ ಸಿಕ್ಕರೆ ಅದೇ ಇನ್ನೂ ಸರಳ. ಹೇಗೆ ನೋಡಿದರೂ ಪಠ್ಯಪುಸ್ತಕದ 5.1 ವೋಲ್ಟಿನ ಝೀನರಿಗೆ ಇಲ್ಲಿ ಕೆಲಸವಿಲ್ಲ, 5.6ಕ್ಕಿದೆ. ಇದೇ ಜೋಡಣೆಯಲ್ಲಿ 6.8 ವೋಲ್ಟಿನ ಝೀನರ್ ಹಾಕಿದರೆ 6.15 ವೋಲ್ಟು: ನಾಲ್ಕು ಸೆಲ್ಲಿನ ರೇಡಿಯೊ, ಟೇಪ್‌ರೆಕಾರ್ಡರುಗಳಿಗೆ ಸರಿಹೊಂದುತ್ತದೆ.

4.2 ಸ್ಟಾರ್ಟರ್ ಡಬ್ಬಿಯ ಬೋರ್ಡು

ಹಳ್ಳಿಯಲ್ಲಿ ದುರಸ್ತಿಗೆ ಬರುವ ಝೀನರ್‌ಗಳನ್ನು ನೆನೆದರೆ ಈ ಕೆಲಸಕ್ಕೆ ಹೆಚ್ಚು ಗಮನ ಸಲ್ಲಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದ ಬೋರ್ಡಿನಲ್ಲಿ 0.47 ಮೈಕ್ರೊಫ್ಯಾರಡ್ ಕೆಪಾಸಿಟರ್ 230 ವೋಲ್ಟಿನಿಂದ ಸುಮಾರು 34 ಮಿಲಿಆಂಪಿಯರ್ ಎಳೆಯುತ್ತದೆ. ಬ್ರಿಡ್ಜ್ ದಾಟಿ ಬರುವ ಸರಾಸರಿ ಸುಮಾರು 30. ಕೆಪಾಸಿಟರ್ ಈ ಕರೆಂಟನ್ನು ತಳ್ಳುತ್ತಲೇ ಇರುತ್ತದೆ. ರಿಲೇ ಎತ್ತಿರುವಾಗ ಅದರ ಬಹುಪಾಲನ್ನು ಕಾಯಿಲ್ ಕುಡಿಯುತ್ತದೆ, ಬಿಟ್ಟಿರುವಾಗ ಎಲ್ಲವೂ ಝೀನರಿನ ಪಾಲು. ಪಂಪ್ ನಿಂತಿರುವ ಹೊತ್ತೇ ಝೀನರಿಗೆ ಕಷ್ಟದ ಹೊತ್ತು. ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕೊಡುವುದು ಸರ್ಕಾರದ ಘೋಷಿತ ನೀತಿ. ಬೋರ್ಡಿಗೆ ಉಳಿದ ವೇಳೆಯಲ್ಲೂ ಒಂದು ಫೇಸ್ ಹರಿಯುತ್ತಿದ್ದರೆ ಅಷ್ಟು ಹೊತ್ತೂ ಝೀನರ್ ಕಾಯುತ್ತಲೇ ಇರುತ್ತದೆ.

24 ವೋಲ್ಟಿನ ರಿಲೇ ಇರುವ ಬೋರ್ಡನ್ನು ತೆಗೆದುಕೊಳ್ಳೋಣ. 30 ಮಿಲಿಆಂಪಿಯರ್‌ಗೆ 24 ವೋಲ್ಟಿನ ಝೀನರಿನಲ್ಲಿ 0.72 ವ್ಯಾಟ್. ಫೀಡರಿನ ಪಂಪುಗಳೆಲ್ಲ ನಿಂತ ರಾತ್ರಿ ವೋಲ್ಟೇಜು 270ಕ್ಕೆ ಏರಿತೆಂದು ಹಿಡಿದರೆ ಕರೆಂಟು 35, ಬಿಸಿ 0.84 ವ್ಯಾಟ್. ಡಯೋಡಿನ ಮೇಲೆ ‘ಒಂದು ವ್ಯಾಟ್’ ಎಂದಿದೆಯಲ್ಲ, ಚಿಂತೆಯೇಕೆ ಎನಿಸಬಹುದು. ಆದರೆ ಆ ಒಂದು ವ್ಯಾಟು ಡಯೋಡಿನ ಕಾಲು 50 ಡಿಗ್ರಿ ದಾಟದಿದ್ದರೆ ಮಾತ್ರ. ಅಲ್ಲಿಂದ ಮುಂದೆ ಪ್ರತಿ ಡಿಗ್ರಿಗೆ 6.67 ಮಿಲಿವ್ಯಾಟ್ ಕಳೆಯಬೇಕು. ಡಬ್ಬಿಯ ಗಾಳಿ ಬಿಸಿಯಾಗಿ, ಡಯೋಡು ತಾನೂ ಕಾದು, ಕಾಲು 80 ಡಿಗ್ರಿ ಮುಟ್ಟಿದರೆ ಮಿತಿ 0.8 ವ್ಯಾಟಿಗೆ ಇಳಿಯುತ್ತದೆ. ಬೇಕಾದದ್ದು 0.84, ಇರುವುದು 0.80.

ಅದೇ ಜಾಗದಲ್ಲಿ ಎರಡು 12 ವೋಲ್ಟಿನ ಝೀನರುಗಳನ್ನು ಸಾಲಾಗಿ ಹಾಕಿದರೆ ಒಟ್ಟು ಅದೇ 24 ವೋಲ್ಟು. ಒಂದೊಂದರ ಪಾಲು 0.42 ವ್ಯಾಟ್. ಅರ್ಧದಷ್ಟು ಮಿತಿ ಉಳಿದೇ ಇರುತ್ತದೆ. ಪೆಟ್ಟಿಗೆಯಲ್ಲಿ 24 ವೋಲ್ಟಿನ ಬಗೆಯೇ ಬೇಡ, 12 ವೋಲ್ಟಿನವು ಎರಡರಷ್ಟಿರಲಿ ಎಂಬ ನಿಲುವಿಗೆ ಆಧಾರ ಇದು. ಸಾಲು ಜೋಡಣೆಯಲ್ಲಿ ಒಂದು ಎಚ್ಚರ: ಒಂದೊಂದೂ ತನ್ನ ಪಾಲಿನ ಬಿಸಿಯನ್ನು ತಾಳುವಷ್ಟು ವ್ಯಾಟಿನದಾಗಿರಬೇಕು. ಇನ್ನೊಂದು, ಝೀನರುಗಳನ್ನು ಪಕ್ಕಪಕ್ಕ ಸಮಾನಾಂತರವಾಗಿ ಜೋಡಿಸಿ ಹೊರೆ ಹಂಚಬಹುದೆಂದು ಭಾವಿಸಬಾರದು. ಕೂದಲೆಳೆಯಷ್ಟು ಕಡಿಮೆ ವೋಲ್ಟಿನದು ಇಡೀ ಕರೆಂಟನ್ನು ತಾನೇ ಹೊರುತ್ತದೆ, ಇನ್ನೊಂದು ಸುಮ್ಮನಿರುತ್ತದೆ.

ಇಲ್ಲಿ ಸುರಕ್ಷತೆಯ ಮಾತು ಬಿಡುವಂತಿಲ್ಲ. ಈ ಬೋರ್ಡಿನ ಪ್ರತಿ ಬಿಂದುವೂ ಫೇಸಿಗೆ ತಗುಲಿಕೊಂಡಿದೆ. ಕರೆಂಟು ಇರುವಾಗ ಮುಟ್ಟಬಾರದು, ಲ್ಯಾಪ್‌ಟಾಪಿಗೆ ಸಿಕ್ಕಿಸಬಾರದು. ಕೆಪಾಸಿಟರ್ ಎಕ್ಸ್2 ದರ್ಜೆಯದೇ ಆಗಿರಬೇಕು. ಅದರ ಮೇಲೆ ಚಾರ್ಜು ಇಳಿಸುವ ರೆಸಿಸ್ಟರ್ ಇರಬೇಕು. 230ಕ್ಕೆಂದು ಮಾಡಿದ ಬೋರ್ಡನ್ನು ಎರಡು ಫೇಸುಗಳ ನಡುವಿನ 415 ವೋಲ್ಟಿಗೆ ಕೊಟ್ಟರೆ ಕರೆಂಟು 1.8 ಪಟ್ಟಾಗಿ ಝೀನರ್ ಸುಡುತ್ತದೆ. ಸುಟ್ಟ ಝೀನರ್ ತೆರೆದುಕೊಂಡರೆ ಅದರ ಹಿಂದಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಸಿಡಿಯುತ್ತದೆ. ಶಾಲೆಯ ಮಕ್ಕಳ ಕೈಗೆ ಈ ಬಗೆಯ ಬೋರ್ಡನ್ನು ಕೊಡಲೇಬಾರದು.

4.3 ಬ್ಯಾಟರಿ ಇಳಿದಿದೆ ಎಂದು ತೋರಿಸುವ ದೀಪ

ಸೋಲಾರ್ ಬ್ಯಾಟರಿಯನ್ನು ಕೊಲ್ಲುವುದು ಅತಿಯಾಗಿ ಇಳಿಸುವ ಅಭ್ಯಾಸ. ಅದಕ್ಕೆಂದು 11 ವೋಲ್ಟಿನ ಝೀನರ್ ಮತ್ತು ಒಂದು ಟ್ರಾನ್ಸಿಸ್ಟರ್ ಇಟ್ಟು ಎಚ್ಚರಿಕೆಯ ದೀಪ ಕಟ್ಟುವುದು ಹವ್ಯಾಸಿಗಳ ಹಳೆಯ ರೂಢಿ. ಲೆಕ್ಕ ಮಾತ್ರ ಕೂಡಿಬರುವುದಿಲ್ಲ. ವಿಶ್ರಾಂತಿಯಲ್ಲಿರುವ ಬ್ಯಾಟರಿ ತುಂಬಿದಾಗ ಸುಮಾರು 12.7, ಬಹುತೇಕ ಖಾಲಿಯಾದಾಗ 11.9 ವೋಲ್ಟು, ಇಡೀ ಕಥೆ ನಡೆಯುವುದು 0.8 ವೋಲ್ಟಿನೊಳಗೆ. ಶೇ. 5ರ ವ್ಯತ್ಯಾಸವಿರುವ 11 ವೋಲ್ಟಿನ ಝೀನರ್ 10.45ರಿಂದ 11.55ರವರೆಗೆ ಎಲ್ಲಿಯಾದರೂ ಇರಬಹುದು, ಅಂದರೆ 1.1 ವೋಲ್ಟಿನ ಅನಿಶ್ಚಿತತೆ. ಅಳೆಯುವ ಕೋಲು ಅಳೆಯಬೇಕಾದ ವಸ್ತುವಿಗಿಂತ ಹೆಚ್ಚು ಅಲುಗುತ್ತಿದೆ. ಒಂದೊಂದನ್ನೂ ಅಳೆದು ಆರಿಸಿಕೊಂಡರೂ 40 ಡಿಗ್ರಿ ಏರಿಳಿತಕ್ಕೆ 0.3 ವೋಲ್ಟು ಸರಿಯುತ್ತದೆ.

ದಾರಿ ಎರಡಿವೆ. ಎರಡು 5.6 ವೋಲ್ಟಿನ ಝೀನರುಗಳನ್ನು ಸಾಲಾಗಿ ಹಾಕಿದರೆ 11.2, ಡಿಗ್ರಿಗೆ ಸರಿಯುವುದು 2.4 ಮಿಲಿವೋಲ್ಟು, 11 ವೋಲ್ಟಿನ ಒಂಟಿ ಝೀನರಿನ ಮೂರರಲ್ಲೊಂದು ಭಾಗ. ಮುಂದಿನ ಟ್ರಾನ್ಸಿಸ್ಟರಿನ ಬೇಸ್–ಎಮಿಟರ್ 0.65 ಸೇರಿ ಹೊಸ್ತಿಲು 11.85 ವೋಲ್ಟಾಗುತ್ತದೆ, ಆ ಜಂಕ್ಷನ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುವುದರಿಂದ ಒಟ್ಟು ಸರಿತ ಬಹುತೇಕ ಸೊನ್ನೆಗೆ ಬರುತ್ತದೆ. ಆದರೆ 5.6ರ ಡಯೋಡುಗಳಲ್ಲೂ 5.2ರಿಂದ 6 ವೋಲ್ಟಿನವರೆಗೆ ಹರವು ಇರುವುದರಿಂದ, ಕೆಲಸ ಮಾಡುವ ಕರೆಂಟಿನಲ್ಲೇ ಅಳೆದು ಜೋಡಿ ಮಾಡಬೇಕು.

ಎರಡನೆಯ ದಾರಿ ಟಿಎಲ್431. ಮೂರು ಕಾಲಿನ ಈ ಐಸಿ ನೋಡಲು ಟ್ರಾನ್ಸಿಸ್ಟರಿನಂತಿದ್ದರೂ ಮಾಡುವುದು ಹೊಂದಿಸಬಹುದಾದ ಝೀನರಿನ ಕೆಲಸ: 2.5ರಿಂದ 36 ವೋಲ್ಟು, 1ರಿಂದ 100 ಮಿಲಿಆಂಪಿಯರ್. ಅದರೊಳಗಿನ 2.495 ವೋಲ್ಟಿನ ಆಧಾರಕ್ಕೆ ‘ಎ’ ದರ್ಜೆಯಲ್ಲಿ ಶೇ. 1ರ ವ್ಯತ್ಯಾಸ, ಇಡೀ ಉಷ್ಣಾಂಶ ವ್ಯಾಪ್ತಿಯಲ್ಲಿ ಸರಿಯುವುದು ಕೆಲವೇ ಮಿಲಿವೋಲ್ಟು. 36 ಕಿಲೊಓಮ್ ಮತ್ತು 10 ಕಿಲೊಓಮ್ ರೆಸಿಸ್ಟರುಗಳಿಂದ ಹೊಸ್ತಿಲು 11.48 ವೋಲ್ಟು, ಒಂದು ಪ್ರಿಸೆಟ್ ಸೇರಿಸಿದರೆ ಬೇಕಾದಲ್ಲಿಗೆ ತರಬಹುದು. ನಿಖರತೆ ಬೇಕಾದ ಕಡೆಗೆಲ್ಲ ಝೀನರಿನ ಬದಲು ಇದನ್ನೇ ಬಳಸುವುದು ಸರಿ. ಝೀನರ್ ಪೆಟ್ಟಿಗೆಯಲ್ಲೇ ಇದಕ್ಕೊಂದು ಖಾನೆ ಕೊಡಬೇಕು.

4.4 ಬೋರ್ಡಿನ ಪಿನ್ನು ಮತ್ತು ಮಾಸ್‌ಫೆಟ್ಟಿನ ಗೇಟು ಕಾಯುವುದು

ಇಎಸ್‌ಪಿ32ರಂಥ ಬೋರ್ಡಿನ ಪಿನ್ನುಗಳಿಗೆ 3.6 ವೋಲ್ಟು ಮೀರಬಾರದು. ಅದಕ್ಕೆ 3.3 ವೋಲ್ಟಿನ ಝೀನರ್ ಕಟ್ಟುವವರು ಹಲವರು. ಇದೆ–ಇಲ್ಲ ಎಂದಷ್ಟೇ ಓದುವ ಡಿಜಿಟಲ್ ಪಿನ್ನಿಗೆ ಇದು ನಡೆಯುತ್ತದೆ. ಆದರೆ ಮಣ್ಣಿನ ತೇವವನ್ನೋ ಬ್ಯಾಟರಿ ವೋಲ್ಟೇಜನ್ನೋ ಅಳೆಯುವ ಪಿನ್ನಿಗೆ ನಡೆಯುವುದಿಲ್ಲ. 10 ಕಿಲೊಓಮ್ ರೆಸಿಸ್ಟರಿನ ಹಿಂದೆ 1ಎನ್4728ಎ ಕೂರಿಸಿದರೆ, 100 ಮೈಕ್ರೊಆಂಪಿಯರ್ ಸೋರಿಕೆಗೆ ಒಂದು ಪೂರ್ತಿ ವೋಲ್ಟಿನಷ್ಟು ತಪ್ಪು ಬರಬಹುದು. ಅರ್ಧ ವ್ಯಾಟಿನ ಬಿಝಡ್‌ಎಕ್ಸ್79 ಆದರೆ 1 ವೋಲ್ಟಿನಲ್ಲಿ 0.05 ವೋಲ್ಟಿನಷ್ಟು ತಪ್ಪು. ವೋಲ್ಟೇಜು 3ರ ಸಮೀಪ ಬಂದಂತೆ ಅದೂ ಹೆಚ್ಚುತ್ತದೆ. ಅಳತೆಯ ಪಿನ್ನಿಗೆ ರೆಸಿಸ್ಟರ್ ಮತ್ತು 3.3 ವೋಲ್ಟಿನ ತಂತಿಗೆ ಕಟ್ಟಿದ ಬಿಎಟಿ85ರಂಥ ಶಾಟ್ಕಿ ಡಯೋಡೇ ತಕ್ಕದ್ದು. ಆದ್ದರಿಂದ 3.3 ವೋಲ್ಟಿನವು ಕಡಿಮೆ ಸಂಖ್ಯೆಯಲ್ಲಿರಲಿ. ಇದ್ದರೂ ಅರ್ಧ ವ್ಯಾಟಿನವೇ ಇರಲಿ.

ಮೋಟರನ್ನೋ ಸೋಲಾರ್ ಪ್ಯಾನೆಲನ್ನೋ ಸ್ವಿಚ್ ಮಾಡುವ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್ಟಿನ ಗೇಟು 20 ವೋಲ್ಟಿನವರೆಗೆ ಮಾತ್ರ ತಾಳುತ್ತದೆ. ಪ್ಯಾನೆಲಿನ 22 ವೋಲ್ಟು ನೇರ ತಗುಲಿದರೆ ಅದು ಹೋಯಿತು. ಗೇಟು ಪೂರ್ತಿ ತೆರೆಯಲು 10 ವೋಲ್ಟು ಬೇಕು. 12 ವೋಲ್ಟಿನ ಝೀನರ್ ಇಲ್ಲಿ ಕೆಲಸ ಮಾಡುತ್ತದಾದರೂ ಬ್ಯಾಟರಿ 14.4ಕ್ಕೆ ಏರಿದಾಗಲೆಲ್ಲ ವ್ಯರ್ಥವಾಗಿ ಕರೆಂಟು ಹರಿಸುತ್ತದೆ. 15 ವೋಲ್ಟಿನದು ಗೇಟಿಗೆ ಬೇಕಾದ ವೋಲ್ಟನ್ನು ಬಿಟ್ಟುಕೊಟ್ಟು, 16ಕ್ಕೆ ಹೋಗುವ ಮೊದಲೇ ಹಿಡಿಯುತ್ತದೆ. ಗೇಟಿನ ಕಾವಲಿಗೆ 15 ಸರಿಯಾದ ಸಂಖ್ಯೆ.

5. ಆಯ್ಕೆಪಟ್ಟಿ

ಮೇಲಿನ ಲೆಕ್ಕಗಳಿಂದ ಹೊರಡುವ ಪಟ್ಟಿ ಇದು. ಎಣಿಕೆ ಒಬ್ಬ ಹವ್ಯಾಸಿಯ ಅಥವಾ ಒಂದು ಶಾಲಾ ಪ್ರಯೋಗಾಲಯದ ಅಳತೆಗೆ ಸೂಚಿಸಿದ್ದು.

3.3 ವೋಲ್ಟ್, ಅರ್ಧ ವ್ಯಾಟ್ (1ಎನ್5226ಬಿ ಅಥವಾ ಬಿಝಡ್‌ಎಕ್ಸ್55ಸಿ3ವಿ3): 10. ಡಿಜಿಟಲ್ ಪಿನ್ನಿನ ಕಾವಲಿಗೆ.

5.6 ವೋಲ್ಟ್, ಅರ್ಧ ವ್ಯಾಟ್ (1ಎನ್5232ಬಿ ಅಥವಾ ಬಿಝಡ್‌ಎಕ್ಸ್55ಸಿ5ವಿ6): 25. ಐದು ವೋಲ್ಟಿನ ಮೂಲಕ್ಕೆ, ಉಷ್ಣಾಂಶಕ್ಕೆ ಜಗ್ಗದ ಜೋಡಿಗಳಿಗೆ.

6.8 ವೋಲ್ಟ್, ಅರ್ಧ ವ್ಯಾಟ್ (1ಎನ್5235ಬಿ ಅಥವಾ ಬಿಝಡ್‌ಎಕ್ಸ್55ಸಿ6ವಿ8): 10. ಆರು ವೋಲ್ಟಿನ ಮೂಲಕ್ಕೆ.

12 ವೋಲ್ಟ್, ಒಂದು ವ್ಯಾಟ್ (1ಎನ್4742ಎ): 25. ಕೆಪಾಸಿಟರ್ ಮೇಲಿನ ಬೋರ್ಡುಗಳ ದುರಸ್ತಿಗೆ. 24 ಬೇಕಾದಲ್ಲಿ ಎರಡೆರಡು.

15 ವೋಲ್ಟ್, ಅರ್ಧ ವ್ಯಾಟ್ (1ಎನ್5245ಬಿ ಅಥವಾ ಬಿಝಡ್‌ಎಕ್ಸ್55ಸಿ15): 20. ಮಾಸ್‌ಫೆಟ್ ಗೇಟಿಗೆ.

ಟಿಎಲ್431ಎ: 20. ನಿಖರತೆ ಬೇಕಾದ ಎಲ್ಲ ಕಡೆಗೆ.

ಐದೇ ವೋಲ್ಟೇಜು ಎಂದರೆ ಬಡತನವಲ್ಲ. ಎರಡೆರಡನ್ನು ಸಾಲಾಗಿ ಜೋಡಿಸಿದರೆ 6.6, 8.9, 10.1, 11.2, 12.4, 13.6, 15.3, 17.6, 18.3, 18.8, 20.6, 21.8, 24, 27 ಮತ್ತು 30 ವೋಲ್ಟು, ಒಟ್ಟು 15 ಹೊಸ ಮಟ್ಟಗಳು ಸಿಗುತ್ತವೆ. ಒಂಬತ್ತು ವೋಲ್ಟಿಗೆ 3.3 ಮತ್ತು 5.6. ಹನ್ನೆರಡರ ಆಸುಪಾಸಿನಲ್ಲಿ ಬಿಸಿಲಿಗೆ ಕಡಿಮೆ ಸರಿಯುವುದು ಬೇಕಾದರೆ 5.6 ಮತ್ತು 6.8 ಸೇರಿ 12.4: ಇದು ಡಿಗ್ರಿಗೆ 4.2 ಮಿಲಿವೋಲ್ಟು ಸರಿದರೆ 12ರ ಒಂಟಿ ಝೀನರ್ 8.4 ಸರಿಯುತ್ತದೆ. ಸಾಮಾನ್ಯ 1ಎನ್4148 ಡಯೋಡೊಂದನ್ನು ಮುಮ್ಮುಖವಾಗಿ ಸೇರಿಸಿದರೆ ಇನ್ನೊಂದು 0.65 ವೋಲ್ಟು ಕೂಡುತ್ತದೆ.

ಪಟ್ಟಿಯಿಂದ ಬಿಟ್ಟವುಗಳ ಕಾರಣ ಸಂಕ್ಷಿಪ್ತ. 5.1ರ ಕೆಲಸವನ್ನು 7805 ಮತ್ತು 5.6 ಹಂಚಿಕೊಂಡಿವೆ. 4 ವೋಲ್ಟಿನ ಆಸುಪಾಸಿನವು ಮೆತ್ತಗೆ ಬಾಗುವ ಜಾತಿಯವು. ಅಲ್ಲಿ ಟಿಎಲ್431 ಮೇಲು. 9.1, 11, 18, 24 ಇವನ್ನು ಜೋಡಿಯಿಂದ ಪಡೆಯಬಹುದು. 30ರ ಮೇಲಿನವಕ್ಕೆ ಈ ಸೀಮೆಯ ಹವ್ಯಾಸಿಯ ಮೂಲಗಳಲ್ಲಿ ಜಾಗವೇ ಇಲ್ಲ.

6. ಕೊಳ್ಳುವಾಗ, ಇಡುವಾಗ

ಅಕ್ಷರಗಳಲ್ಲಿ ಒಂದು ಬಲೆಯಿದೆ. ಬಿಝಡ್‌ಎಕ್ಸ್79 ಸರಣಿಯಲ್ಲಿ ‘ಬಿ’ ಎಂದರೆ ಶೇ. 2, ‘ಸಿ’ ಎಂದರೆ ಶೇ. 5ರ ವ್ಯತ್ಯಾಸ. 1ಎನ್52 ಸರಣಿಯ ಕೊನೆಯ ‘ಬಿ’ ಶೇ. 5ಕ್ಕೆ ಸಲ್ಲುತ್ತದೆ, 1ಎನ್47 ಸರಣಿಯಲ್ಲಿ ಅದೇ ಶೇ. 5ಕ್ಕೆ ‘ಎ’. 5ವಿ6 ಎಂಬಲ್ಲಿ ‘ವಿ’ ದಶಮಾಂಶ ಬಿಂದುವಿನ ಜಾಗದಲ್ಲಿ ನಿಂತಿದೆ. ದೆಹಲಿ ಮೂಲದ ಸಿಡಿಐಎಲ್ (1964ರಲ್ಲಿ ಸ್ಥಾಪನೆ) ದೇಶದಲ್ಲೇ ಝೀನರ್ ತಯಾರಿಸುವ ಕಂಪನಿ. ಅದರ ಮಾಲು ಸಿಕ್ಕರೆ ಡೇಟಾಶೀಟೂ ಸಿಗುತ್ತದೆ.

ಅರ್ಧ ವ್ಯಾಟಿನ ಗಾಜಿನ ಝೀನರ್ ಮತ್ತು 1ಎನ್4148 ನೋಡಲು ಒಂದೇ. ಮಲ್ಟಿಮೀಟರಿನ ಡಯೋಡ್ ಪರೀಕ್ಷೆ ಎರಡಕ್ಕೂ 0.6–0.7 ತೋರಿಸುತ್ತದೆ, ಹಿಮ್ಮುಖದಲ್ಲಿ ಅದರ ಶಕ್ತಿ ಎರಡು–ಮೂರು ವೋಲ್ಟಿಗೇ ಮುಗಿಯುವುದರಿಂದ ಝೀನರಿನ ಮಟ್ಟ ತಿಳಿಯದು. ಮೂರು 9 ವೋಲ್ಟಿನ ಬ್ಯಾಟರಿಗಳನ್ನು ಸಾಲಾಗಿ ಸೇರಿಸಿ, 4.7 ಕಿಲೊಓಮ್ ರೆಸಿಸ್ಟರಿನ ಮೂಲಕ ಡಯೋಡಿಗೆ ಹಿಮ್ಮುಖವಾಗಿ ಕೊಟ್ಟು, ಡಯೋಡಿನ ಎರಡು ಕಾಲುಗಳ ನಡುವೆ ವೋಲ್ಟೇಜು ಅಳೆದರೆ ಈ ಪಟ್ಟಿಯ ಎಲ್ಲ ಝೀನರುಗಳನ್ನೂ ಗುರುತಿಸಬಹುದು. 5.6 ವೋಲ್ಟಿನದರಲ್ಲಿ ಆಗ ಹರಿಯುವುದು ಸುಮಾರು 4.5 ಮಿಲಿಆಂಪಿಯರ್, ಬಿಝಡ್‌ಎಕ್ಸ್ ಸರಣಿಗಳ ಡೇಟಾಶೀಟಿನ 5ಕ್ಕೆ ಹತ್ತಿರ. ಅಳೆದ ಸಂಖ್ಯೆಯನ್ನು ಪೊಟ್ಟಣದ ಮೇಲೆ ಬರೆದಿಟ್ಟರೆ ಶೇ. 5ರ ಅಗ್ಗದ ಮಾಲಿನಲ್ಲೇ ಶೇ. 1ರ ಜೋಡಿಗಳನ್ನು ಆರಿಸಿಕೊಳ್ಳಬಹುದು.

7. ತೀರ್ಮಾನ

ಹೊರೆಗೆ ಕರೆಂಟು ಒದಗಿಸುವ ಕೆಲಸವನ್ನು ಝೀನರಿಗೆ ಹೊರಿಸುವ ಕಾಲ ಮುಗಿದಿದೆ. ಅದನ್ನು 7805 ಮತ್ತು ಟ್ರಾನ್ಸಿಸ್ಟರುಗಳು ಮಾಡಲಿ. ನಿಖರ ಅಳತೆಯ ಕೆಲಸ ಟಿಎಲ್431ಗೆ ಹೋಗಲಿ. ಕಾವಲು ಕಾಯುವುದು, ಮಟ್ಟ ಮೀರಿದ್ದನ್ನು ಹಿಡಿಯುವುದು, ಕೆಪಾಸಿಟರ್ ತಳ್ಳುವ ಕರೆಂಟನ್ನು ನುಂಗುವುದು ಝೀನರಿಗೆ ಉಳಿಯುವ ಕೆಲಸಗಳು. ಅವಕ್ಕೆ ಐದು ಬಗೆ ಸಾಕು. ತಂಪಾದ ಪ್ರಯೋಗಾಲಯದಲ್ಲಿ 24 ವೋಲ್ಟಿನ ಒಂದು ಡಯೋಡೂ 12ರ ಎರಡು ಡಯೋಡುಗಳೂ ಸಮ. ಚಳ್ಳಕೆರೆಯ ಬಿಸಿಲಿನಲ್ಲಿ ನಿಂತ ತಗಡಿನ ಡಬ್ಬಿಯೊಳಗೆ ಅವು ಸಮವಲ್ಲ. ಈ ಭಾಗದ ಶಾಲಾ ಪ್ರಯೋಗಾಲಯಗಳಿಗೆ ಬಿಡಿಭಾಗ ಕೊಳ್ಳುವ ಶಿಕ್ಷಕರು 37 ಬಗೆಗಳ ಸಿದ್ಧ ಪೊಟ್ಟಣವನ್ನು ಬಿಟ್ಟು, ಅದೇ ಹಣದಲ್ಲಿ 5.6 ಮತ್ತು 12 ವೋಲ್ಟಿನವನ್ನು ಹೆಚ್ಚಾಗಿ ಕೊಂಡು, ಮಕ್ಕಳ ಕೈಯಲ್ಲೇ ಅಳೆಸಿ ಜೋಡಿ ಮಾಡಿಸಬೇಕು.